ಗ್ರೀಸ್ ಒಂದು ಹೆಸರಿಗಾಗಿ 27 ವರ್ಷ ಯಾಕೆ ಜಗಳವಾಡಿತು?

ಪ್ರಶ್ನೆ: ನಾನು ಜರ್ಮನಿಯಲ್ಲಿ ಕೆಲಸ ಮಾಡುವವನು. ಈಚೆಗೆ ರಜೆಗೆಂದು ಗ್ರೀಸಿನ ಥೆಸಲೋನಿಕಿಗೆ ಹೋಗಿದ್ದೆ. ಟ್ಯಾಕ್ಸಿಯವರ ಹತ್ತಿರ ಮಾತಾಡುತ್ತಾ "ನಾಳೆ ಬಸ್ಸಲ್ಲಿ ಮೆಸಿಡೋನಿಯಕ್ಕೆ ಹೋಗ್ತೀನಿ" ಅಂದೆ. ಅವರು ಕನ್ನಡಿಯಲ್ಲಿ ನನ್ನನ್ನೇ ನೋಡಿ, "ನೀವು ಈಗ ಇರೋದೇ ಮೆಸಿಡೋನಿಯದಲ್ಲಿ. ನಾಳೆ ಹೋಗೋದು ಸ್ಕೋಪ್ಯೆಗೆ" ಅಂದರು. ಆಮೇಲೆ ಮಾತೇ ಇಲ್ಲ. ರೂಮಿಗೆ ಬಂದು ಓದಿದಾಗ ಗೊತ್ತಾಯಿತು, ಈ ಹೆಸರಿಗಾಗಿ ಗ್ರೀಸ್ ಮತ್ತು ಪಕ್ಕದ ಉತ್ತರ ಮೆಸಿಡೋನಿಯ, ಎರಡು ದೇಶ 27 ವರ್ಷ ಜಗಳವಾಡಿವೆ ಅಂತ. ಒಂದು ಹೆಸರಿಗೆ ಅಷ್ಟೊಂದಾ? ಗ್ರೀಸಿನ ಎಡಪಂಥದ ಪ್ರಧಾನಿ ಸಿಪ್ರಾಸ್ ಹೆಸರಿನ ಒಪ್ಪಂದ ಮಾಡಿದರು, ಬಲಪಂಥದ ಮಿತ್ಸೊಟಾಕಿಸ್ ವಿರೋಧಿಸಿದರು ಅಂತಲೂ ಓದಿದೆ. ಹಾಗಾದರೆ ಮಿತ್ಸೊಟಾಕಿಸ್ ಅಧಿಕಾರಕ್ಕೆ ಬಂದ ಮೇಲೆ ಅದನ್ನು ಯಾಕೆ ಹರಿದು ಹಾಕಲಿಲ್ಲ? ಟರ್ಕಿಯ ಜೊತೆಗಿನ ತಕರಾರೂ ಇದೇ ಥರದ್ದಾ?

ಉತ್ತರ: ಆ ಟ್ಯಾಕ್ಸಿಯವರು ಸುಮ್ನೆ ವಾದಕ್ಕೆ ಹೇಳಿದ ಮಾತಲ್ಲ ಅದು. ಥೆಸಲೋನಿಕಿಯ ವಿಮಾನ ನಿಲ್ದಾಣದ ಹೆಸರೇ 'ಮಕೆಡೋನಿಯಾ'. ಗ್ರೀಸಿನೊಳಗೆ ಮೆಸಿಡೋನಿಯ ಅನ್ನುವ ದೊಡ್ಡ ಪ್ರದೇಶವಿದೆ, ಥೆಸಲೋನಿಕಿ ಅದರ ಮುಖ್ಯ ಊರು. ಅಲೆಕ್ಸಾಂಡರ್ ಹುಟ್ಟಿದ ಪೆಲ್ಲಾ ಅಲ್ಲಿಂದ ಕಾರಿನಲ್ಲಿ ಒಂದು ಗಂಟೆಯೂ ಇಲ್ಲ. ಇನ್ನು ನೀವು ಬಸ್ಸಲ್ಲಿ ಹೋದ ಸ್ಕೋಪ್ಯೆ ಉತ್ತರ ಮೆಸಿಡೋನಿಯದ ರಾಜಧಾನಿ. ಅದರ ವಿಮಾನ ನಿಲ್ದಾಣಕ್ಕೆ 2018ರ ತನಕ ಇದ್ದ ಹೆಸರು 'ಅಲೆಕ್ಸಾಂಡರ್ ದಿ ಗ್ರೇಟ್'. ಎರಡು ದೇಶ, ಎರಡು ವಿಮಾನ ನಿಲ್ದಾಣ, ಒಬ್ಬನೇ ಪೂರ್ವಜ. ಅರ್ಧ ಜಗಳ ಇಲ್ಲಿಗೇ ಅರ್ಥವಾಯಿತು ಅಲ್ವಾ?

ಉಳಿದರ್ಧವನ್ನು ಅಥೆನ್ಸಿನ ಪಾರ್ಲಿಮೆಂಟಿನಲ್ಲಿ ಹುಡುಕಬೇಕು. ಗ್ರೀಸಿನ ನೆರೆಹೊರೆಯ ತಕರಾರುಗಳನ್ನು ಬಹಳ ವರ್ಷಗಳಿಂದ ಗಮನಿಸುತ್ತಾ ಬಂದ ನನಗೆ ಅನ್ನಿಸುವುದು ಇದು: ಆ ತಕರಾರುಗಳು ಬಿಗಡಾಯಿಸಿದ್ದು, ಬಗೆಹರಿದದ್ದು, ಬಹುತೇಕ ಸಲ ಯಾವ ಪಕ್ಷದೊಳಗೆ ಯಾರು ಯಾರ ಕಾಲೆಳೆಯುತ್ತಿದ್ದರು ಅನ್ನುವುದರ ಮೇಲೆ. ಇದನ್ನು ಒಬ್ಬ ಮನುಷ್ಯನ ಕಥೆಯ ಮೂಲಕ ಹೇಳುವುದು ಸುಲಭ. ಆದರೆ ಮೊದಲು, ಜನರಿಗೆ ಯಾಕೆ ಅಷ್ಟು ಸಿಟ್ಟು ಅನ್ನುವುದನ್ನು ಹೇಳಬೇಕು. ಇಲ್ಲದಿದ್ದರೆ ಎಲ್ಲವೂ ರಾಜಕಾರಣಿಗಳ ನಾಟಕ ಅನ್ನಿಸಿಬಿಡುತ್ತದೆ. ಅದು ಹಾಗಲ್ಲ.

1912ರ ತನಕ ಇಡೀ ಮೆಸಿಡೋನಿಯ ಆಟೊಮನ್ ತುರ್ಕರ ಕೈಯಲ್ಲಿತ್ತು. ಗ್ರೀಕ್ ಮಾತಾಡುವವರು, ಸ್ಲಾವ್ ಮಾತಾಡುವವರು, ತುರ್ಕರು, ಯಹೂದಿಗಳು, ಅಲ್ಬೇನಿಯನ್ನರು, ಎಲ್ಲರೂ ಕಲೆತು ಬದುಕುತ್ತಿದ್ದ ಜಾಗ. 1912-13ರ ಬಾಲ್ಕನ್ ಯುದ್ಧಗಳಲ್ಲಿ ಅದು ಮೂರು ಪಾಲಾಯಿತು. ಅರ್ಧದಷ್ಟು ಗ್ರೀಸಿಗೆ, ಇನ್ನೊಂದು ದೊಡ್ಡ ಪಾಲು ಸರ್ಬಿಯಾಕ್ಕೆ, ಸಣ್ಣದೊಂದು ಚೂರು ಬಲ್ಗೇರಿಯಾಕ್ಕೆ. ಹತ್ತು ವರ್ಷ ಕಳೆದು 1923ರಲ್ಲಿ ಗ್ರೀಸ್ ಮತ್ತು ಟರ್ಕಿ ಜನರನ್ನೇ ಅದಲುಬದಲು ಮಾಡಿಕೊಂಡವು. ಏಷ್ಯಾ ಮೈನರ್ ಮತ್ತು ಕಪ್ಪು ಸಮುದ್ರದ ದಂಡೆಯಿಂದ ಸುಮಾರು 12 ಲಕ್ಷ ಗ್ರೀಕ್ ಕ್ರೈಸ್ತರು ಮನೆಮಠ ಬಿಟ್ಟು ಬಂದರು. ಅವರಲ್ಲಿ ತುಂಬಾ ಜನರಿಗೆ ಸರ್ಕಾರ ಜಮೀನು ಕೊಟ್ಟಿದ್ದು ಇದೇ ಮೆಸಿಡೋನಿಯದಲ್ಲಿ, ಅಲ್ಲಿಂದ ಹೊರಟು ಹೋದ ಮುಸ್ಲಿಮರ ಹೊಲಗಳಲ್ಲಿ.

ಅಂದರೆ ಥೆಸಲೋನಿಕಿಯಲ್ಲಿ ಇವತ್ತು "ಮೆಸಿಡೋನಿಯ ನಮ್ಮದು" ಅಂತ ಬಾವುಟ ಹಿಡಿಯುವ ಎಷ್ಟೋ ಜನರ ಅಜ್ಜ ಅಜ್ಜಿ ಟ್ರಂಕು ಹೊತ್ತು ಹಡಗಿನಿಂದ ಇಳಿದವರು. ಒಮ್ಮೆ ಮನೆ ಕಳೆದುಕೊಂಡವರಿಗೆ ಎರಡನೇ ಮನೆಯ ಪಟ್ಟಾ ಮೇಲೆ ಯಾರಾದರೂ ಕಣ್ಣು ಹಾಕಿದರೆ ಹೇಗಾದೀತು? ಅದೇ ಭಯ.

ಆ ಕಡೆಯವರ ನೋವೂ ಕಡಿಮೆಯದ್ದಲ್ಲ. ಗ್ರೀಸ್ ತನ್ನ ಪಾಲಿಗೆ ಬಂದ ಊರುಗಳ ಸ್ಲಾವ್ ಮತ್ತು ತುರ್ಕಿ ಹೆಸರುಗಳನ್ನೆಲ್ಲ ಬದಲಿಸಿ ಗ್ರೀಕ್ ಹೆಸರಿಟ್ಟಿತು. 1946ರಿಂದ 1949ರವರೆಗೆ ಗ್ರೀಸಿನಲ್ಲಿ ಅಂತರ್ಯುದ್ಧ ನಡೆಯಿತು. ಸ್ಲಾವ್ ಮಾತಾಡುವ ಅನೇಕರು ಕಮ್ಯುನಿಸ್ಟರ ಕಡೆಗಿದ್ದರು. ಸೋತ ಮೇಲೆ ಗಡಿ ದಾಟಿ ಓಡಿದರು, ಆಸ್ತಿ ಹೋಯಿತು. 1982ರಲ್ಲಿ ಸಮಾಜವಾದಿ ಪಾಸೊಕ್ ಸರ್ಕಾರ ಅಂತರ್ಯುದ್ಧದ ನಿರಾಶ್ರಿತರಿಗೆಲ್ಲ ವಾಪಸ್ ಬನ್ನಿ ಅಂತ ಕರೆಯಿತು. ಜೊತೆಗೊಂದು ಷರತ್ತು: ಹುಟ್ಟಿನಿಂದ ಗ್ರೀಕರಾಗಿರಬೇಕು. ಸ್ಲಾವ್ ಮೆಸಿಡೋನಿಯನ್ನರು ಅಲ್ಲಿಗೆ ಔಟ್.

ಈ ಹಿನ್ನೆಲೆಯಲ್ಲಿ 1991ರ ಸೆಪ್ಟೆಂಬರ್‌ಗೆ ಬನ್ನಿ. ಯುಗೊಸ್ಲಾವಿಯಾ ಒಡೆಯುತ್ತಿದೆ. ಅದರ ದಕ್ಷಿಣ ತುದಿಯ ಗಣರಾಜ್ಯ 'ಮೆಸಿಡೋನಿಯ' ಅನ್ನುವ ಹೆಸರಿನಲ್ಲಿ ಸ್ವತಂತ್ರವಾಯಿತು. ಮರುವರ್ಷ ಬಾವುಟದಲ್ಲಿ ಹದಿನಾರು ಕಿರಣಗಳ ಸೂರ್ಯನನ್ನು ಹಾಕಿಕೊಂಡಿತು. ಆ ಸೂರ್ಯ ಸಿಕ್ಕಿದ್ದು ಗ್ರೀಸಿನ ವೆರ್ಗಿನಾದಲ್ಲಿ, 1977ರಲ್ಲಿ ಮನೋಲಿಸ್ ಆಂಡ್ರೊನಿಕೋಸ್ ಅಗೆದ ರಾಜಸಮಾಧಿಯೊಳಗಿನ ಚಿನ್ನದ ಪೆಟ್ಟಿಗೆಯ ಮೇಲೆ. ಗ್ರೀಕರಿಗೆ ರೇಗಿತು. ಬಾವುಟಕ್ಕೂ ಮುಂಚೆ, ಬರೀ ಹೆಸರಿಗಾಗಿಯೇ 1992ರ ಫೆಬ್ರವರಿ 14ರಂದು ಥೆಸಲೋನಿಕಿಯ ಬೀದಿಗಳಲ್ಲಿ ಲಕ್ಷಾಂತರ ಜನ ಸೇರಿದ್ದರು.

ಈಗ ನಾನು ಹೇಳಿದ ಆ ಮನುಷ್ಯ. ಹೆಸರು ಆಂಟೋನಿಸ್ ಸಮರಾಸ್. ಆಗ ನಲವತ್ತರ ಹರೆಯದ ವಿದೇಶಾಂಗ ಮಂತ್ರಿ, ಬಲಪಂಥದ ನ್ಯೂ ಡೆಮಾಕ್ರಸಿ ಪಕ್ಷದವರು. ಪ್ರಧಾನಿ ಕೋನ್‌ಸ್ಟಂಟಿನೋಸ್ ಮಿತ್ಸೊಟಾಕಿಸ್, ಅಂದರೆ ಈಗಿನ ಪ್ರಧಾನಿ ಕಿರಿಯಾಕೋಸ್ ಮಿತ್ಸೊಟಾಕಿಸರ ಅಪ್ಪ. ಅವರ ಸರ್ಕಾರ ನಿಂತಿದ್ದು ದಾರದ ಮೇಲೆ. ಒಂದು ವರ್ಷದೊಳಗೆ ಮೂರು ಚುನಾವಣೆ ನಡೆದು, 1990ರ ಏಪ್ರಿಲ್‌ನಲ್ಲಿ 300 ಸೀಟುಗಳಲ್ಲಿ ಸರಿಯಾಗಿ 150 ಸಿಕ್ಕಿದ್ದವು. ಸಣ್ಣ ಪಕ್ಷವೊಂದರ ಒಬ್ಬ ಸದಸ್ಯ ಕೈ ಎತ್ತಿದ್ದಕ್ಕೆ ಕುರ್ಚಿ ಉಳಿದಿತ್ತು.

ಮಿತ್ಸೊಟಾಕಿಸ್‌ಗೆ ಹೆಸರಿನ ವಿಷಯದಲ್ಲಿ ರಾಜಿಯಾಗುವ ಮನಸ್ಸಿತ್ತು. ಹತ್ತು ವರ್ಷ ಕಳೆದರೆ ಇದು ಯಾರಿಗೂ ನೆನಪಿರುವುದಿಲ್ಲ ಅಂತ ಅವರು ಹೇಳಿದ್ದರು ಅನ್ನುವುದನ್ನು ಗ್ರೀಸಿನಲ್ಲಿ ಇವತ್ತಿಗೂ ನಗುತ್ತಾ ನೆನೆಯುತ್ತಾರೆ. ಸಮರಾಸ್ ಮಾತ್ರ ಹೆಸರಿನಲ್ಲಿ ಮೆಸಿಡೋನಿಯ ಅನ್ನುವ ಪದವೇ ಇರಕೂಡದು ಅಂತ ಪಟ್ಟು ಹಿಡಿದರು. 1992ರ ಏಪ್ರಿಲ್ 13ರಂದು ರಾಷ್ಟ್ರಾಧ್ಯಕ್ಷರು ಎಲ್ಲ ಪಕ್ಷಗಳ ನಾಯಕರ ಸಭೆ ಕರೆದರು. ಅಂದು ನಡೆದದ್ದು ಗ್ರೀಕ್ ರಾಜಕೀಯವನ್ನು ಅರ್ಥ ಮಾಡಿಕೊಳ್ಳುವುದಕ್ಕೆ ಒಳ್ಳೆಯ ಪಾಠ. ಪ್ರಧಾನಿ ಸಮರಾಸರನ್ನು ಮಂತ್ರಿ ಪದವಿಯಿಂದ ಕಿತ್ತು ಹಾಕಿದರು. ಅದೇ ದಿನ, ಅದೇ ಸಭೆ, ಕಮ್ಯುನಿಸ್ಟರನ್ನು ಬಿಟ್ಟು ಎಲ್ಲರೂ ಸೇರಿ ಸಮರಾಸರ ನಿಲುವನ್ನೇ ದೇಶದ ನೀತಿ ಅಂತ ಒಪ್ಪಿಕೊಂಡಿತು! ಮನುಷ್ಯ ಹೊರಗೆ, ಅವನ ಮಾತು ಒಳಗೆ.

ಸಮರಾಸ್ ಸುಮ್ಮನೆ ಕೂರಲಿಲ್ಲ. 1993ರಲ್ಲಿ 'ಪೊಲಿಟಿಕಿ ಆನಿಕ್ಸಿ' ಅಂತ ಪಕ್ಷ ಕಟ್ಟಿದರು. ಅರ್ಥ, ರಾಜಕೀಯ ವಸಂತ. ಸೆಪ್ಟೆಂಬರ್‌ನಲ್ಲಿ ಅವರ ಕಡೆಯ ಶಾಸಕರು ಸರ್ಕಾರದಿಂದ ಕೈ ತೆಗೆದರು. ಸರ್ಕಾರ ಬಿತ್ತು. ಬರೀ ಮೆಸಿಡೋನಿಯ ಒಂದೇ ಕಾರಣ ಅಂತ ನಾನು ಹೇಳುವುದಿಲ್ಲ, ಸರ್ಕಾರಿ ಟೆಲಿಫೋನ್ ಕಂಪನಿಯನ್ನು ಖಾಸಗಿಯವರಿಗೆ ಕೊಡುವ ಗಲಾಟೆಯೂ ಇತ್ತು. ಆದರೆ ಅಪ್ಪ ಮಿತ್ಸೊಟಾಕಿಸ್ ಮತ್ತೆಂದೂ ಪ್ರಧಾನಿಯಾಗಲಿಲ್ಲ. ಆ ಮನೆಯವರು ಇದನ್ನು ಮರೆಯಲಿಲ್ಲ.

ಅಕ್ಟೋಬರ್ ಚುನಾವಣೆಯಲ್ಲಿ ಗೆದ್ದವರು ಪಾಸೊಕ್‌ನ ಆಂಡ್ರಿಯಾಸ್ ಪಪಂಡ್ರೆಯು. ಎಡಪಂಥದವರು ಮೆತ್ತಗೆ, ಬಲಪಂಥದವರು ಗಟ್ಟಿ ಅನ್ನುವ ಲೆಕ್ಕ ನಿಮ್ಮ ಪ್ರಶ್ನೆಯಲ್ಲಿದೆ. ಇಲ್ಲಿ ಅದು ತಲೆಕೆಳಗಾಗುತ್ತದೆ. 1994ರ ಫೆಬ್ರವರಿಯಲ್ಲಿ ಆ ಪುಟ್ಟ ದೇಶದ ಮೇಲೆ ವ್ಯಾಪಾರ ದಿಗ್ಬಂಧನ ಹಾಕಿದ್ದು ಇದೇ ಸಮಾಜವಾದಿ ಪಪಂಡ್ರೆಯು. ಆ ದೇಶಕ್ಕೆ ಸಮುದ್ರವಿಲ್ಲ. ಅದರ ಬಂದರು ಅಂದರೆ ಥೆಸಲೋನಿಕಿಯೇ. ಬಾಗಿಲು ಹಾಕಿದರೆ ಉಸಿರು ಕಟ್ಟುತ್ತದೆ. 1995ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕಿನಲ್ಲಿ ಮಧ್ಯಂತರ ಒಪ್ಪಂದವಾಯಿತು. ಬಾವುಟದಿಂದ ವೆರ್ಗಿನಾದ ಸೂರ್ಯ ಹೋದ, ದಿಗ್ಬಂಧನ ಹೋಯಿತು. ಹೆಸರಿನ ವಿಷಯ "ಮುಂದೆ ನೋಡೋಣ" ಅಂತ ಉಳಿಯಿತು.

ಆ "ಮುಂದೆ ನೋಡೋಣ" ಹೇಗಿತ್ತು ಅಂದರೆ, ವಿಶ್ವಸಂಸ್ಥೆ 1993ರಲ್ಲಿ ಆ ದೇಶವನ್ನು 'ಹಿಂದಿನ ಯುಗೊಸ್ಲಾವಿಯಾದ ಮೆಸಿಡೋನಿಯ ಗಣರಾಜ್ಯ' ಅನ್ನುವ ಉದ್ದನೆಯ ತಾತ್ಕಾಲಿಕ ಹೆಸರಲ್ಲಿ ಸೇರಿಸಿಕೊಂಡಿತ್ತು. ಸರಿ, ಸಭೆಯಲ್ಲಿ ಯಾವ ಅಕ್ಷರದಡಿ ಕೂರಿಸುವುದು? 'ಎಂ' ಅಕ್ಷರಕ್ಕೆ ಗ್ರೀಸ್ ಒಪ್ಪಲಿಲ್ಲ. ಹೆಸರಿನ ಮುಂದಿದ್ದ ಇಂಗ್ಲಿಷಿನ 'ದಿ' ಅನ್ನೇ ಲೆಕ್ಕಕ್ಕೆ ತೆಗೆದುಕೊಂಡು 'ಟಿ' ಸಾಲಿನಲ್ಲಿ ಥಾಯ್ಲೆಂಡ್ ಪಕ್ಕ ಕೂರಿಸಿದರು. ಆ ದೇಶದ ಪಾಸ್‌ಪೋರ್ಟ್ ಹಿಡಿದು ಗ್ರೀಸಿಗೆ ಬಂದರೆ ಗಡಿಯಲ್ಲಿ ಅದರ ಮೇಲೆ ಸೀಲು ಒತ್ತುತ್ತಿರಲಿಲ್ಲ. ಬೇರೆ ಒಂದು ಹಾಳೆ ಕೊಟ್ಟು ಅದರ ಮೇಲೆ ಒತ್ತುತ್ತಿದ್ದರು. ಕಾರುಗಳ ಮೇಲಿನ 'ಎಂಕೆ' ಗುರುತಿನ ಮೇಲೆ ಸ್ಟಿಕರ್ ಅಂಟಿಸುತ್ತಿದ್ದರು. ಸಮುದ್ರ ಸ್ನಾನಕ್ಕೆ ಬಂದ ಸಂಸಾರಗಳು ಸ್ಟಿಕರ್ ಹಚ್ಚಿಕೊಂಡೇ ಬರುತ್ತಿದ್ದವು, ಊರಿಗೆ ಹೋಗಿ ಕೀಳುತ್ತಿದ್ದವು.

2008ರಲ್ಲಿ ಬುಕಾರೆಸ್ಟ್ ಶೃಂಗಸಭೆಯಲ್ಲಿ ಗ್ರೀಸ್ ಅವರನ್ನು ನ್ಯಾಟೊ ಸೇರದಂತೆ ತಡೆಯಿತು. ಅದು ಮಧ್ಯಂತರ ಒಪ್ಪಂದದ ಉಲ್ಲಂಘನೆ ಅಂತ 2011ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ ಹೇಳಿತು. ತೀರ್ಪಿನಿಂದ ಏನೂ ಬದಲಾಗಲಿಲ್ಲ. ಆ ಕಡೆ ನಿಕೋಲಾ ಗ್ರುಯೆವ್‌ಸ್ಕಿ ಸರ್ಕಾರ ಹಟಕ್ಕೆ ಬಿದ್ದು ಸ್ಕೋಪ್ಯೆಯ ನಡುಚೌಕದಲ್ಲಿ ಕುದುರೆ ಏರಿದ ಯೋಧನ ದೈತ್ಯ ಪ್ರತಿಮೆ ನಿಲ್ಲಿಸಿತು. ಅಧಿಕೃತವಾಗಿ ಅದು 'ಕುದುರೆ ಮೇಲಿನ ಯೋಧ' ಅಷ್ಟೇ. ನೋಡಿದವರಿಗೆಲ್ಲ ಗೊತ್ತು ಅದು ಯಾರು ಅಂತ. ನೀವೂ ನೋಡಿರಬೇಕು, ತಪ್ಪಿಸಿಕೊಳ್ಳುವುದಕ್ಕೆ ಸಾಧ್ಯವೇ ಇಲ್ಲ.

ಈಗ 2018. ಅಥೆನ್ಸಿನಲ್ಲಿ ಸಿರಿಜಾ ಪಕ್ಷದ ಅಲೆಕ್ಸಿಸ್ ಸಿಪ್ರಾಸ್, ಸ್ಕೋಪ್ಯೆಯಲ್ಲಿ ಜೊರಾನ್ ಜೇವ್ ಪ್ರಧಾನಿಗಳು. ಜೂನ್ 17ರಂದು ಪ್ರೆಸ್ಪಾ ಸರೋವರದ ದಂಡೆಯ ಪ್ಸರಾದೆಸ್ ಅನ್ನುವ ಊರಿನಲ್ಲಿ ಒಪ್ಪಂದಕ್ಕೆ ಸಹಿ ಬಿತ್ತು. ಪೆಲಿಕನ್ ಹಕ್ಕಿಗಳಿಗೆ, ದಪ್ಪ ಬಿಳಿ ಬೀನ್ಸಿಗೆ ಹೆಸರಾದ ಜಾಗ ಅದು. ಗ್ರೀಸ್, ಉತ್ತರ ಮೆಸಿಡೋನಿಯ, ಅಲ್ಬೇನಿಯ ಮೂರೂ ಹಂಚಿಕೊಂಡ ಕೆರೆ. ಈ ಪ್ಸರಾದೆಸ್‌ನ ಹಳೆಯ ಹೆಸರು ನಿವಿಟ್ಸಿ. ಹೆಸರಿನ ಜಗಳ ಮುಗಿಸಲು ಆರಿಸಿಕೊಂಡದ್ದು ಹೆಸರು ಬದಲಾದ ಊರನ್ನೇ. ಜೇವ್ ದೋಣಿಯಲ್ಲಿ ಬಂದಿಳಿದರು. ಸಿಪ್ರಾಸ್ ಟೈ ಕಟ್ಟದ ಪ್ರಧಾನಿ ಅಂತ ಪ್ರಸಿದ್ಧರು, ಗ್ರೀಸಿನ ಸಾಲದ ಸಮಸ್ಯೆ ಬಗೆಹರಿಯುವ ತನಕ ಕಟ್ಟುವುದಿಲ್ಲ ಅಂದಿದ್ದವರು. ಜೇವ್ ಅಂದು ತಮ್ಮ ಟೈ ಬಿಚ್ಚಿ ಅವರ ಕೈಗೆ ಕೊಟ್ಟರು.

ಒಪ್ಪಂದದ ತಿರುಳು ಹೇಳುವುದಾದರೆ, ದೇಶದ ಹೆಸರು ಉತ್ತರ ಮೆಸಿಡೋನಿಯ. ಒಳಗೂ ಹೊರಗೂ, ಎಲ್ಲರ ಜೊತೆಗೂ ಅದೇ ಹೆಸರು. ಗ್ರೀಸಿಗೆ ಬೇಕಿದ್ದದ್ದು ಇದು. ಬದಲಿಗೆ ಅವರ ಭಾಷೆಗೆ 'ಮೆಸಿಡೋನಿಯನ್' ಅನ್ನುವ ಹೆಸರು ಉಳಿಯಿತು. ಅದು ದಕ್ಷಿಣ ಸ್ಲಾವ್ ಭಾಷೆ, ಅಲೆಕ್ಸಾಂಡರನ ಕಾಲದ್ದಕ್ಕೂ ಇದಕ್ಕೂ ಸಂಬಂಧವಿಲ್ಲ ಅಂತ ಒಪ್ಪಂದದಲ್ಲೇ ಬರೆದರು. ಮೆಸಿಡೋನಿಯ ಅನ್ನುವ ಪದಕ್ಕೆ ಇಬ್ಬರ ಬಾಯಲ್ಲೂ ಬೇರೆ ಬೇರೆ ಅರ್ಥವಿದೆ ಅಂತ ಇಬ್ಬರೂ ಸಹಿ ಹಾಕಿ ಒಪ್ಪಿಕೊಂಡರು. ನನ್ನ ಪ್ರಕಾರ ಇಡೀ ಒಪ್ಪಂದದ ಜಾಣತನವಿರುವುದು ಆ ಒಂದು ಕಲಮಿನಲ್ಲಿ. ಹಾವೂ ಸಾಯಬೇಕು ಕೋಲೂ ಮುರಿಯಬಾರದು ಅಂತಾರಲ್ಲ, ಹಾಗೆ.

ಆದರೆ ಸಿಪ್ರಾಸ್ ಯಾರ ಬೆಂಬಲದಲ್ಲಿ ಕೂತಿದ್ದರು ನೋಡಿ. ಎಡಪಂಥದ ಸಿರಿಜಾ 2015ರಿಂದ ಸರ್ಕಾರ ನಡೆಸುತ್ತಿದ್ದದ್ದು ಪಾನೋಸ್ ಕಮ್ಮೆನೋಸರ ಕಟ್ಟಾ ರಾಷ್ಟ್ರವಾದಿ ಪಕ್ಷದ ಜೊತೆಗೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಕಮ್ಮೆನೋಸ್ ರಕ್ಷಣಾ ಮಂತ್ರಿ. ಅವರ ಜೊತೆ ಜಗಳವಾಗಿ, ಒಪ್ಪಂದಕ್ಕೆ ಸಹಿ ಹಾಕಿದ್ದ ವಿದೇಶಾಂಗ ಮಂತ್ರಿ ನಿಕೋಸ್ ಕೊತ್ಸಿಯಾಸ್ ಅಕ್ಟೋಬರ್‌ನಲ್ಲಿ ರಾಜೀನಾಮೆ ಕೊಟ್ಟರು. 2019ರ ಜನವರಿಯಲ್ಲಿ ಕಮ್ಮೆನೋಸರೇ ಎದ್ದು ಹೋದರು. ಸಿಪ್ರಾಸ್ ವಿಶ್ವಾಸಮತವನ್ನು 151 ಮತಗಳಿಂದ ಉಳಿಸಿಕೊಂಡರು. ಜನವರಿ 25ರಂದು ಒಪ್ಪಂದ 153 ಮತಗಳಿಂದ ಪಾಸಾಯಿತು. ವಿರುದ್ಧ 146.

ಬೀದಿಯಲ್ಲೂ ಎಡ ಬಲ ಅನ್ನುವ ಗೆರೆ ಅಳಿಸಿಹೋಗಿತ್ತು. 2018ರ ಫೆಬ್ರವರಿಯಲ್ಲಿ ಅಥೆನ್ಸಿನ ಸಿಂಟಾಗ್ಮಾ ಚೌಕದ ದೊಡ್ಡ ಸಭೆಯಲ್ಲಿ 'ಮೆಸಿಡೋನಿಯ ಗ್ರೀಕ್' ಅಂತ ಭಾಷಣ ಮಾಡಿದವರು 92 ವರ್ಷದ ಸಂಗೀತಗಾರ ಮಿಕಿಸ್ ಥಿಯೊಡೊರಾಕಿಸ್. ಜೀವಮಾನವಿಡೀ ಎಡಪಂಥದ ಧ್ವನಿಯಾಗಿದ್ದವರು, ಸೇನಾ ಆಡಳಿತದಲ್ಲಿ ಜೈಲು ಕಂಡವರು. ಕಮ್ಯುನಿಸ್ಟ್ ಪಕ್ಷವೂ ಒಪ್ಪಂದದ ವಿರುದ್ಧ ಮತ ಹಾಕಿತು. ಅವರ ಕಾರಣ ಮಾತ್ರ ಬೇರೆ: ಇದೆಲ್ಲ ನ್ಯಾಟೊ ಹಿಗ್ಗಿಸುವ ಹುನ್ನಾರ ಅಂತ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಮಗ ಮಿತ್ಸೊಟಾಕಿಸ್ ಒಪ್ಪಂದವನ್ನು ಜೋರಾಗಿ ವಿರೋಧಿಸಿದರು, 2019ರ ಜುಲೈನಲ್ಲಿ 158 ಸೀಟು ಗೆದ್ದರು. ಉತ್ತರ ಗ್ರೀಸಿನಲ್ಲಿ ಸಿರಿಜಾಗೆ ದೊಡ್ಡ ಪೆಟ್ಟು ಬಿತ್ತು. ಕಮ್ಮೆನೋಸರ ಪಕ್ಷ ಆ ಚುನಾವಣೆಗೆ ನಿಲ್ಲಲೇ ಇಲ್ಲ. ಹಾಗಿದ್ದೂ ಯಾಕೆ ಹರಿದು ಹಾಕಲಿಲ್ಲ?

ಒಂದು, ಪಾರ್ಲಿಮೆಂಟ್ ಒಪ್ಪಿದ ಅಂತರರಾಷ್ಟ್ರೀಯ ಒಪ್ಪಂದ ಮುರಿದರೆ, ಟರ್ಕಿಗೆ "ಒಪ್ಪಂದ ಪಾಲಿಸಿ" ಅಂತ ಹೇಳುವ ಬಾಯಿ ಗ್ರೀಸಿಗೆ ಇರುವುದಿಲ್ಲ. ಎರಡು, ಮುರಿದರೆ ಎದುರಿನವರು ಮತ್ತೆ ಬರೀ 'ಮೆಸಿಡೋನಿಯ' ಆಗಿಬಿಡುತ್ತಾರೆ, ಪ್ರಪಂಚದ ನೂರಕ್ಕೂ ಹೆಚ್ಚು ದೇಶಗಳು ಒಪ್ಪಂದಕ್ಕೆ ಮೊದಲೇ ಹಾಗೇ ಕರೆಯುತ್ತಿದ್ದವು. ಮೂರನೆಯದನ್ನು ಯಾವ ನ್ಯೂ ಡೆಮಾಕ್ರಸಿ ನಾಯಕರೂ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ನಾನು ಹೇಳುತ್ತೇನೆ. ಸಿಪ್ರಾಸ್ ಆ ಬಿಸಿ ಕೆಂಡವನ್ನು ಕೈಯಲ್ಲಿ ಹಿಡಿದು, ಸುಟ್ಟುಕೊಂಡು, ಆಚೆ ಎಸೆದಾಗಿತ್ತು. ಗೆದ್ದವರಿಗೆ ಓಟೂ ಸಿಕ್ಕಿತು, ಸಮಸ್ಯೆಯೂ ಹೋಯಿತು. ಅದನ್ನು ಯಾರಾದರೂ ವಾಪಸ್ ತರುತ್ತಾರಾ?

2020ರ ಮಾರ್ಚ್‌ನಲ್ಲಿ ಉತ್ತರ ಮೆಸಿಡೋನಿಯ ನ್ಯಾಟೊ ಸೇರಿತು. ಅದಕ್ಕೆ ಸ್ವಂತ ಯುದ್ಧವಿಮಾನಗಳಿಲ್ಲ. ಅದರ ಆಕಾಶ ಕಾಯುವ ಕೆಲಸದಲ್ಲಿ ಗ್ರೀಕ್ ವಾಯುಪಡೆಯೂ ಇದೆ. ಆದರೆ ಒಪ್ಪಂದಕ್ಕೆ ಹೊಂದಿಕೊಂಡ ಮೂರು ಸಣ್ಣ ಒಡಂಬಡಿಕೆ ಪತ್ರಗಳಿದ್ದವು. ಮಿತ್ಸೊಟಾಕಿಸ್ ಸರ್ಕಾರ ಅವನ್ನು ವರ್ಷಗಟ್ಟಲೆ ಪಾರ್ಲಿಮೆಂಟಿನ ಮುಂದೆ ತರಲಿಲ್ಲ. ವಿರೋಧ ಪಕ್ಷದ ಭಯಕ್ಕಲ್ಲ, ತನ್ನದೇ ಪಕ್ಷದ ಶಾಸಕರು ಕೈ ಕೊಟ್ಟಾರು ಅಂತ.

ಆ ಶಾಸಕರ ಹಿಂದಿನ ಬೆಂಚಿನಲ್ಲಿ ಕೂತಿದ್ದವರು ಯಾರು? ಸಮರಾಸ್! ವಸಂತದ ಪಕ್ಷ ಒಣಗಿದ ಮೇಲೆ ಅವರು 2004ರಲ್ಲಿ ನ್ಯೂ ಡೆಮಾಕ್ರಸಿಗೆ ವಾಪಸಾಗಿದ್ದರು. 2009ರಲ್ಲಿ ಪಕ್ಷದ ನಾಯಕತ್ವಕ್ಕೆ ನಿಂತು ಗೆದ್ದರು. ಸೋಲಿಸಿದ್ದು ಯಾರನ್ನು? ಹಳೆಯ ಮಿತ್ಸೊಟಾಕಿಸರ ಮಗಳು ಡೋರಾ ಬಕೊಯಾನಿಸ್ ಅವರನ್ನು. ಮರುವರ್ಷ ಸಾಲದ ಪ್ಯಾಕೇಜಿನ ಪರ ಮತ ಹಾಕಿದರು ಅಂತ ಡೋರಾ ಅವರನ್ನು ಪಕ್ಷದಿಂದಲೇ ಹೊರಹಾಕಿದರು. 2012ರಿಂದ 2015ರ ತನಕ ಸಮರಾಸ್ ಪ್ರಧಾನಿಯೂ ಆದರು, ಮಗ ಕಿರಿಯಾಕೋಸ್ ಸಮರಾಸರ ಮಂತ್ರಿಮಂಡಲದಲ್ಲಿದ್ದರು. ಕೊನೆಗೆ 2024ರ ನವೆಂಬರ್‌ನಲ್ಲಿ, ಟರ್ಕಿಯ ಜೊತೆ ಸರ್ಕಾರ ಜಾಸ್ತಿ ಮೆತ್ತಗಾಗಿದೆ ಅಂತ ಸಂದರ್ಶನವೊಂದರಲ್ಲಿ ಹರಿಹಾಯ್ದದ್ದಕ್ಕೆ, ಪ್ರಧಾನಿ ಕಿರಿಯಾಕೋಸ್ ಸಮರಾಸರನ್ನು ಪಕ್ಷದಿಂದ ಹೊರಹಾಕಿದರು. ಅಪ್ಪನ ಸರ್ಕಾರ ಬಿದ್ದು ಆಗ 31 ವರ್ಷ.

ಮೂವತ್ತು ವರ್ಷದಲ್ಲಿ ಬದಲಾದದ್ದು ನೆರೆಯ ದೇಶದ ಹೆಸರು ಮಾತ್ರ. ಮೊದಲು ಸ್ಕೋಪ್ಯೆ, ಈಗ ಅಂಕಾರಾ.

ಟರ್ಕಿಯ ವಿಷಯಕ್ಕೆ ಬಂದರೆ, ಅದು ಇದೇ ಥರದ್ದಲ್ಲ. ಅಲ್ಲಿ ಹೆಸರಿಲ್ಲ, ನೀರಿದೆ. ಈಜಿಯನ್ ಸಮುದ್ರದ ತುಂಬ ಗ್ರೀಕ್ ದ್ವೀಪಗಳು, ಹಲವು ಟರ್ಕಿಯ ದಡಕ್ಕೆ ಅಂಟಿಕೊಂಡಂತಿವೆ. ಅಲ್ಲಿ ಗ್ರೀಸ್ ಈಗ ತನ್ನ ಕರಾವಳಿಯಿಂದ 6 ನಾಟಿಕಲ್ ಮೈಲಿ ನೀರು ತನ್ನದು ಅನ್ನುತ್ತದೆ. 1982ರ ಸಮುದ್ರ ಕಾನೂನು 12 ಮೈಲಿವರೆಗೆ ಅವಕಾಶ ಕೊಡುತ್ತದೆ. ಗ್ರೀಸ್ ಅದಕ್ಕೆ ಸಹಿ ಹಾಕಿದೆ, ಟರ್ಕಿ ಹಾಕಿಲ್ಲ. 12ಕ್ಕೆ ಹೋದರೆ ಈಜಿಯನ್ನಿನಲ್ಲಿ ಗ್ರೀಸಿನ ಪಾಲು ಶೇಕಡಾ 40ರ ಆಸುಪಾಸಿನಿಂದ 70ರ ಆಸುಪಾಸಿಗೆ ಏರುತ್ತದೆ. ಹಾಗೆ ಮಾಡಿದರೆ ಅದು ಯುದ್ಧಕ್ಕೆ ಕಾರಣ ಅಂತ ಟರ್ಕಿಯ ಪಾರ್ಲಿಮೆಂಟ್ 1995ರ ಜೂನ್‌ನಲ್ಲೇ ನಿರ್ಣಯ ಮಾಡಿದೆ. ಇದು ನಿಜವಾದ, ಅಳತೆ ಮಾಡಬಹುದಾದ ತಕರಾರು.

ಆದರೂ ಬೆಂಕಿ ಹತ್ತುವ ರೀತಿ ಮಾತ್ರ ಅದೇ. 1995ರ ಕ್ರಿಸ್‌ಮಸ್ ದಿನ ಟರ್ಕಿಯ ಒಂದು ಸರಕು ಹಡಗು ಇಮಿಯಾ ಅನ್ನುವ ಜೋಡಿ ಬಂಡೆಯ ಹತ್ತಿರ ಕೆಳಗೆ ತಾಗಿ ನಿಂತಿತು. ತುರ್ಕರ ಬಾಯಲ್ಲಿ ಅದು ಕಾರ್ದಕ್. ಎರಡೂ ಸೇರಿ ಹತ್ತು ಎಕರೆಯಷ್ಟು. ಮೇಕೆ ಮೇಯುವುದಕ್ಕೆ ಬಿಟ್ಟರೆ ಇನ್ಯಾವುದಕ್ಕೂ ಆಗದ ಜಾಗ. ಯಾರು ಎಳೆಯಬೇಕು ಹಡಗನ್ನು ಅಂತ ಶುರುವಾದ ವಾದ, ಬಂಡೆ ಯಾರದ್ದು ಅನ್ನುವಲ್ಲಿಗೆ ಬಂತು. ಪಕ್ಕದ ಕಲಿಮ್ನೋಸ್ ದ್ವೀಪದ ಮೇಯರ್ ಹೋಗಿ ಗ್ರೀಕ್ ಬಾವುಟ ನೆಟ್ಟರು. ಟರ್ಕಿಯ ಹುರಿಯೆತ್ ಪತ್ರಿಕೆಯ ವರದಿಗಾರರು ಹೋಗಿ ಅದನ್ನು ಇಳಿಸಿ ತಮ್ಮ ಬಾವುಟ ಹಾರಿಸಿದರು. ಆಮೇಲೆ ಎರಡೂ ಕಡೆಯ ಕಮಾಂಡೊಗಳು. 1996ರ ಜನವರಿ 31ರ ನಸುಕಿನಲ್ಲಿ ಗ್ರೀಕ್ ಹೆಲಿಕಾಪ್ಟರ್ ಬಿದ್ದು ಮೂವರು ಅಧಿಕಾರಿಗಳು ಸತ್ತರು. ಅಮೆರಿಕ ನಡುವೆ ಬಂದು ರಾತ್ರಿಯಿಡೀ ಫೋನು ಮಾಡಿ ಇಬ್ಬರನ್ನೂ ಹಿಂದೆ ಸರಿಸಿತು.

ಆ ಹೊತ್ತಿಗೆ ಎರಡೂ ರಾಜಧಾನಿಗಳಲ್ಲಿ ಪರಿಸ್ಥಿತಿ ಹೇಗಿತ್ತು? ಅಥೆನ್ಸಿನಲ್ಲಿ ಪಪಂಡ್ರೆಯು ಆಸ್ಪತ್ರೆಯಲ್ಲಿದ್ದರು. ಕೋಸ್ಟಾಸ್ ಸಿಮಿಟಿಸ್ ಪ್ರಧಾನಿಯಾಗಿ ಎರಡು ವಾರವೂ ಆಗಿರಲಿಲ್ಲ, ಅವರನ್ನು ಸಹಿಸದವರು ಪಾಸೊಕ್ ಒಳಗೇ ಬೇಕಾದಷ್ಟಿದ್ದರು. ಅಂಕಾರಾದಲ್ಲಿ ಚುನಾವಣೆಯಲ್ಲಿ ಯಾರಿಗೂ ಬಹುಮತ ಬರದೆ ತಾನ್ಸು ಚಿಲ್ಲರ್ ಉಸ್ತುವಾರಿ ಪ್ರಧಾನಿಯಾಗಿದ್ದರು. ಸೋತಂತೆ ಕಾಣುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಸಿಮಿಟಿಸ್ ಪಾರ್ಲಿಮೆಂಟಿನಲ್ಲಿ ಎದ್ದು ನಿಂತು ಅಮೆರಿಕಕ್ಕೆ ಧನ್ಯವಾದ ಹೇಳಿದರು. ಯುದ್ಧ ತಪ್ಪಿತ್ತು, ಆದರೂ ಕೂಗಿ ಗದ್ದಲ ಎಬ್ಬಿಸಿದರು. ಆ ಒಂದು ಧನ್ಯವಾದ ಅವರನ್ನು ಕೊನೆ ತನಕ ಬಿಡಲಿಲ್ಲ.

ಅಸಲಿಗೆ ಗ್ರೀಸಿನ ಪಾಸೊಕ್, ನ್ಯೂ ಡೆಮಾಕ್ರಸಿ ಎರಡೂ ಹುಟ್ಟಿದ್ದೇ ಟರ್ಕಿಯ ತಕರಾರಿನಿಂದ. 1974ರ ಜುಲೈನಲ್ಲಿ ಅಥೆನ್ಸಿನ ಸೇನಾ ಆಡಳಿತ ಸೈಪ್ರಸ್‌ನಲ್ಲಿ ದಂಗೆ ಎಬ್ಬಿಸಿತು. ಐದೇ ದಿನದಲ್ಲಿ ಟರ್ಕಿಯ ಸೇನೆ ದ್ವೀಪಕ್ಕೆ ಇಳಿಯಿತು, ಅಥೆನ್ಸಿನ ಸೇನಾ ಆಡಳಿತ ಕುಸಿಯಿತು. ಪ್ಯಾರಿಸಿನಲ್ಲಿದ್ದ ಕೋನ್‌ಸ್ಟಂಟಿನೋಸ್ ಕರಮನ್ಲಿಸ್ ಬಂದು ಪ್ರಧಾನಿಯಾದರು. ಸೆಪ್ಟೆಂಬರ್‌ನಲ್ಲಿ ಪಾಸೊಕ್, ಅಕ್ಟೋಬರ್‌ನಲ್ಲಿ ನ್ಯೂ ಡೆಮಾಕ್ರಸಿ. ಸೈಪ್ರಸ್ಸಿನ ಸೋಲಿನ ನೋವು ಎರಡಕ್ಕೂ ತೊಟ್ಟಿಲ ಕಾಲದ್ದು. ಹಾಗಾಗಿ "ನೀನು ದೇಶ ಮಾರಿದೆ" ಅನ್ನುವ ಮಾತು ಅಲ್ಲಿ ಬರೀ ಬೈಗುಳವಲ್ಲ, ಅದರಿಂದ ಮನುಷ್ಯನ ರಾಜಕೀಯವೇ ಮುಗಿಯಬಹುದು.

ಈಗ ಪರಿಸ್ಥಿತಿ ಪರವಾಗಿಲ್ಲ. 2020ರ ಬೇಸಿಗೆಯಲ್ಲಿ ಟರ್ಕಿಯ ಸಂಶೋಧನಾ ಹಡಗು ಒರುಚ್ ರೈಸ್ ಕಸ್ಟೆಲೊರಿಜೊ ದ್ವೀಪದ ದಕ್ಷಿಣಕ್ಕೆ ಹೋದಾಗ ಎರಡೂ ದೇಶದ ಯುದ್ಧನೌಕೆಗಳು ಒಂದಕ್ಕೊಂದು ಉಜ್ಜಿಕೊಂಡಿದ್ದವು. ಕಸ್ಟೆಲೊರಿಜೊ ಟರ್ಕಿಯ ದಡದಿಂದ 2 ಕಿಲೋಮೀಟರ್, ಕೆಲವು ನೂರು ಜನರ ಊರು. ಅದರ ಅಧಿಕೃತ ಹೆಸರು ಮೆಗಿಸ್ತಿ, ಅಂದರೆ ಅತಿ ದೊಡ್ಡದು! 2023ರ ಫೆಬ್ರವರಿಯ ಭೂಕಂಪದಲ್ಲಿ ಗ್ರೀಕ್ ರಕ್ಷಣಾ ತಂಡಗಳು ಟರ್ಕಿಗೆ ಹೋದ ಮೇಲೆ ಗಾಳಿ ತಿರುಗಿತು. ಡಿಸೆಂಬರ್‌ನಲ್ಲಿ ಎರ್ಡೋಗನ್ ಅಥೆನ್ಸಿಗೆ ಬಂದು ಸ್ನೇಹದ ಘೋಷಣೆಗೆ ಸಹಿ ಹಾಕಿದರು. ಗಮನಿಸಿ, ಆ ಸಹಿ ಬಿದ್ದದ್ದು 2023ರ ಜೂನ್ ಚುನಾವಣೆಯಲ್ಲಿ ಮಿತ್ಸೊಟಾಕಿಸ್ 158 ಸೀಟು ಗೆದ್ದು, ಸಿರಿಜಾ ಶೇಕಡಾ 18ಕ್ಕೂ ಕೆಳಗಿಳಿದ ನಂತರ. ಕೈಯಲ್ಲಿ ಸೀಟಿದ್ದರೆ ಪ್ರಧಾನಿಗೆ ಕೈಕುಲುಕುವ ಧೈರ್ಯ ಬರುತ್ತದೆ. ಬಲಕ್ಕೂ ಬಲಕ್ಕಿರುವ ಗ್ರೀಕ್ ಸೊಲ್ಯೂಷನ್‌ನಂಥ ಪಕ್ಷಗಳು ಬೆಳೆದಂತೆ ಆ ಧೈರ್ಯ ಕರಗುವುದನ್ನೂ ನೋಡುತ್ತಿದ್ದೇವೆ.

ಪ್ರೆಸ್ಪಾದಿಂದ ಹೆಸರಿನ ಕಿರಿಕಿರಿ ಪೂರ್ತಿ ಮುಗಿದಿಲ್ಲ. 2024ರ ಮೇ ತಿಂಗಳಲ್ಲಿ ಉತ್ತರ ಮೆಸಿಡೋನಿಯದ ಹೊಸ ರಾಷ್ಟ್ರಾಧ್ಯಕ್ಷೆ ಗೋರ್ಡಾನಾ ಸಿಲ್ಯಾನೊವ್‌ಸ್ಕಾ ದಾವ್ಕೋವಾ ಪ್ರಮಾಣವಚನದಲ್ಲಿ 'ಉತ್ತರ' ಬಿಟ್ಟು ಬರೀ 'ಮೆಸಿಡೋನಿಯ' ಅಂದರು. ಗ್ರೀಕ್ ರಾಯಭಾರಿ ಎದ್ದು ಹೊರನಡೆದರು. ದಿಗ್ಬಂಧನವಿಲ್ಲ, ಬೀದಿ ತುಂಬ ಜನವಿಲ್ಲ. ರಾಯಭಾರಿ ಎದ್ದರು, ಹೇಳಿಕೆ ಬಂತು, ಅಷ್ಟೇ. 1992ರ ಜೊತೆ ಹೋಲಿಸಿದರೆ ಇದು ಜಗಳವೇ ಅಲ್ಲ.

ಮತ್ತೆ ಆ ಕಡೆ ಹೋದರೆ ಥೆಸಲೋನಿಕಿಯ ಟ್ಯಾಕ್ಸಿಯಲ್ಲಿ "ಸ್ಕೋಪ್ಯೆಗೆ ಹೋಗ್ತಾ ಇದೀನಿ" ಅಂತ ಊರಿನ ಹೆಸರು ಹೇಳಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಸ್ಕೋಪ್ಯೆಯ ಟ್ಯಾಕ್ಸಿಯಲ್ಲಿ ದೇಶಕ್ಕೆ ಸ್ಕೋಪ್ಯೆ ಅನ್ನಬೇಡಿ, ಅದನ್ನು ಗ್ರೀಕರ ಕೊಂಕು ಅಂತಲೇ ತಿಳಿಯುತ್ತಾರೆ. 'ಉತ್ತರ' ಸೇರಿಸಬೇಕಾ ಬೇಡವಾ ಅನ್ನುವುದನ್ನು ಅವರ ಬಾಯಿಂದ ಏನು ಬರುತ್ತದೆ ಅಂತ ಕೇಳಿಸಿಕೊಂಡು ಆಮೇಲೆ ಮಾತಾಡಿ.